ಅಣ್ಣನ ಪಾಸಿನಲ್ಲಿ ಕೊಟ್ಟ ರಕ್ತ

ಲೇಬರ್ ಶೆಡ್ಡು, ಪುಣೆ
22-3-2026, ಭಾನುವಾರ

ಮುನಿಲಕ್ಷ್ಮಿ ಅತ್ತಿಗೆಯವರಿಗೆ ನಿಮ್ಮ ಮೈದುನ ಸುಧಾಕರ್ ಮಾಡುವ ನಮಸ್ಕಾರಗಳು.

ಕೆಟ್ಟ ಕನಸು ಬಿತ್ತು ಅತ್ತಿಗೆ. ನೀವು ನನಗೆ ಮುದ್ದೆ ಇಕ್ಕಿದ್ರಿ, ಆದರೆ ತಟ್ಟೆ ದನದ ಕೊಟ್ಟಿಗೆಯಲ್ಲಿತ್ತು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ತಪ್ಪಿದ್ದರೆ ಕೂಡಿಸಿಕೊಂಡು ಓದಿ. ನೀವು ಫೋನು ಎತ್ತುತ್ತಿಲ್ಲ, ಅದಕ್ಕೇ ಊರಿಗೆ ಹೊರಟಿರೋ ಆಂಡರ್ಸನ್‌ಪೇಟೆ ಸೆಲ್ವರಾಜ್ ಕೈಲಿ ಕಳಿಸ್ತಿದ್ದೀನಿ.

ರಜಕ್ಕೆ ಬಂದ ಮುನೀಂದ್ರ ಅಣ್ಣನನ್ನು ಮನೆಗೆ ಸೇರಿಸಿಲ್ಲವಂತೆ. ಮುನೀಂದ್ರ ಪರೀಕ್ಷೆಗೆ ರಕ್ತ ಕೊಟ್ಟಿದ್ರು, ಇನ್ನೊಂದ್ಸಲ ಬರಬೇಕು ಅಂತ ಇಲ್ಲಿನ ಕ್ಯಾಂಪಿನವರು ನಿಮಗೆ ಫೋನ್ ಮಾಡಿದ್ರಂತೆ. ಅದು ಎಚ್‌ಐವಿ ಕ್ಯಾಂಪು ಅಂತ ಗೊತ್ತಾಗಿ ನೀವು, ಓಗು, ಎಲ್ಲಿ ಬಿದ್ದಿದ್ಯೋ ಅಲ್ಲೇ ಬಿದ್ಕೋ ಓಗು ಅಂದ್ರಂತೆ. ಬಂಗಾರಪೇಟೆ ಸ್ಟೇಷನ್ನಲ್ಲಿ ಮಲಗ್ತಿದ್ದಾನಂತೆ.

ಅತ್ತಿಗೆ, ಆ ರಕ್ತ ನನ್ನದು. ನನಗೆ ಇನ್ನೂ ಸೈಟಿನ ಗೇಟ್ ಪಾಸು ಆಗಿಲ್ಲ. ಒಂಬತ್ತನೇ ತಾರೀಖು ಸೋಮವಾರ ಅಣ್ಣನಿಗೆ ಜ್ವರ. ಅವನ ಪಾಸು ಹಾಕ್ಕೊಂಡು ಕಂಬಿ ಕಟ್ಟೋಕೆ ನಾನು ಹೋದೆ. ಇಬ್ಬರದೂ ಅಪ್ಪನ ಮೂಗೇ, ವಾಚ್‌ಮನ್ ನೋಡೋದೂ ಇಲ್ಲ. ಗೇಟಲ್ಲೇ ಕ್ಯಾಂಪು. ಪಾಸಿನಲ್ಲಿದ್ದ ಅಣ್ಣನ ಹೆಸರು, ಮನೆ ಫೋನ್ ನಂಬರು ಬರಕೊಂಡ್ರು. ನಿಜ ಹೇಳಿದ್ರೆ ಪಾಸು ಕಿತ್ಕೋತಾರೆ ಅಂತ ಅವನ ಹೆಸರಲ್ಲೇ ರಕ್ತ ಕೊಟ್ಟೆ.

ಯಾಕೆ ಕೊಟ್ಟೆ ಅಂದರೆ, ನಾನು ಎರಡು ಸಲ, ಇಲ್ಲ ಮೂರು ಸಲ, ಹೈವೇ ಲಾಡ್ಜಿಗೆ ಹೋಗಿದ್ದೆ. ಮೊದಲನೇ ಸಲ ಕಾಂಡೋಮ್ ಇರಲಿಲ್ಲ. ಕೋಳಿ ಕುಯ್ಯೋದು ಕಂಡ್ರೆ ಓಡೋನು ಇಲ್ಲಿ ಹುಲಿ ಆಗವ್ನೆ ಕಣ್ಲಾ ಅಂತ ಸೆಲ್ವರಾಜ್ ರೇಗಿಸ್ತಿದ್ದ. ಅಣ್ಣ ಬರಲಿಲ್ಲ.

ಗೌರ್ಮೆಂಟ್ ಆಸ್ಪತ್ರೇಲಿ ಮಾತ್ರೆ ಬಿಟ್ಟಿ ಕೊಡ್ತಾರೆ, ದಿನಾ ತಗೊಂಡ್ರೆ ಎಲ್ಲರ ಹಾಗೇ ಬದುಕಬಹುದು ಅಂದ್ರು ಕ್ಯಾಂಪಿನ ಮೇಡಂ. ಮತ್ತೆ ಬಾ ಅಂದ್ರೆ ಕಾಯಿಲೆ ಇದೆ ಅಂತಲಾ, ಸರಿಯಾಗಿ ಗೊತ್ತಾಗಲಿಲ್ಲ ಅಂತಲಾ? ತಲೆ ಕೆಟ್ಟು ಹೋಗಿದೆ. ನಾಳೆ ಆಸ್ಪತ್ರೆಗೆ ಹೋಗಿ ನನ್ನ ಹೆಸರಲ್ಲೇ ರಕ್ತ ಕೊಡ್ತೀನಿ. ಅಣ್ಣನನ್ನು ಒಳಗೆ ಕರೀರಿ.

ಇಂತಿ ನಿಮ್ಮ ಮೈದುನ,
ಸುಧಾಕರ್

ವಿ.ಸೂ.: ಇದನ್ನು ಬರೀಬಾರದು ಅಂತಿದ್ದೆ. ಹನ್ನೆರಡನೇ ತಾರೀಖು ಗುರುವಾರ ಕ್ಯಾಂಪು ಮತ್ತೆ ಬಂದಾಗ ಅಣ್ಣನೂ ಹೋಗಿ ರಕ್ತ ಕೊಟ್ಟ. ಯಾಕೆ ಅಂತ ನಾನು ಕೇಳಲಿಲ್ಲ. ಇಬ್ಬರ ರಕ್ತಕ್ಕೂ ಅಣ್ಣನ ಹೆಸರೇ, ಅದೇ ನಂಬರೇ. ಯಾವುದಕ್ಕೂ ನೀವೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ. ರಕ್ತ ಕೊಟ್ಟ ತಾರೀಖು ಕ್ಯಾಂಪಿನವರು ಫೋನಲ್ಲಿ ಹೇಳಿದ್ದನ್ನ ನೀವು ಕ್ಯಾಲೆಂಡರ್ ಮೇಲೆ ಬರಕೊಂಡ್ರಂತಲ್ಲ. ಯಾವ ತಾರೀಖಿರಲಿ ಅಂತ ದೇವರನ್ನ ಕೇಳಬೇಕೋ ತಿಳೀತಿಲ್ಲ. ಇನ್ನೊಂದ್ಸಲ ನೋಡಿ ಹೇಳಿ ಅತ್ತಿಗೆ, ಒಂಬತ್ತಾ, ಹನ್ನೆರಡಾ?