ಟೈರು ಸವೆಯದ ಸೈಕಲ್ಲು

ನಮ್ಮ ಮನೆ, ಹಿಂಬಾಗಿಲ ಮೆಟ್ಟಿಲು
ಅಕ್ಟೋಬರ್ ೧೪, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಗುಬ್ಬಿಗೆ,

ನಿನ್ನ ಅಜ್ಜ ಎರಡೂ ಕೈ ಎತ್ತಿ ಹರಸಿ ಬರೆಯುತ್ತಿರುವ ಕಾಗದ ಇದು. ಮೊಣಕೈ ಹೇಗಿದೆ? ಹೊಲಿಗೆ ಬಿಚ್ಚಿದರಾ? ಇಂಜೆಕ್ಷನ್ ಒಂದೂ ತಪ್ಪಿಸಲಿಲ್ಲ ತಾನೆ? ಲೋಕಕ್ಕೆಲ್ಲ ಬುದ್ಧಿ ಹೇಳುವ ನರ್ಸಮ್ಮಂದಿರು ತಮ್ಮ ಮೈಯ ವಿಷಯ ಬಂದಾಗ ಮಹಾ ಸೋಮಾರಿಗಳು ಎಂದು ಅಜ್ಜಿ ಹೇಳುತ್ತಾಳೆ. ನಾಯಿಯ ಹಲ್ಲು ಬರೀ ತರಚಿತು ಅಷ್ಟೇ ಎಂದು ಬರೆದಿದ್ದೀಯ. ತರಚಿದರೂ ಹಲ್ಲು ಹಲ್ಲೇ, ಕೊನೆಯ ಸೂಜಿಯವರೆಗೂ ಚುಚ್ಚಿಸಿಕೊ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮೋಡ ಕವಿದಾಗ ಅಜ್ಜಿಯ ಮಂಡಿ ಮಾತಾಡುತ್ತದೆ, ಉಳಿದ ಹೊತ್ತು ಅಜ್ಜಿಯೇ ಮಾತಾಡುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಕೈಗೆ ಬಂದರೆ ನಾನು ಕೂಗುತ್ತೇನೆ, ನೀನು 'ಹೂಂ ಅಜ್ಜ, ಹೂಂ ಅಜ್ಜ' ಅನ್ನುತ್ತೀಯ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ.

ನಿನ್ನ ಕಾಗದವನ್ನು ಅಜ್ಜಿಗೆ ಓದಿ ಹೇಳಿ, ಆಮೇಲೆ ಒಬ್ಬನೇ ಕೂತು ಮೂರು ಸಲ ಓದಿದೆ. ಗುಜರಿ ಅಂಗಡಿಯ ತಿರುವು, ಕಬ್ಬಿಣದ ರಾಶಿಯ ಹಿಂದಿನಿಂದ ನುಗ್ಗಿ ಬರುವ ಆ ಎರಡು ನಾಯಿಗಳು, ಹ್ಯಾಂಡಲ್ಲಿಗೆ ನೇತುಹಾಕಿದ ನಿನ್ನ ಔಷಧಿಯ ಚೀಲ, ಎಲ್ಲವೂ ಕಣ್ಣಿಗೆ ಕಟ್ಟಿತು. 'ಅಜ್ಜ ಹೇಳಿಕೊಟ್ಟ ಹಾಗೇ ಮಾಡಿದೆ' ಎಂದು ಬರೆದಿದ್ದೀಯ. ಜೋರಾಗಿ ತುಳಿದೆ, ಹತ್ತಿರ ಬಂದ ನಾಯಿಗೆ ಒದೆಯಲು ಕಾಲು ಎತ್ತಿದೆ, ಹ್ಯಾಂಡಲ್ ತಿರುಗಿತು, ಬಿದ್ದೆ. ಬ್ಯಾಂಡೇಜು, ಹತ್ತಿ ಎಲ್ಲ ರಸ್ತೆಪಾಲು. ಅವತ್ತಿನಿಂದ ಆ ತಿರುವಿಗೆ ಹೋಗದೆ ಕಾಲುವೆಯ ಕಡೆಯಿಂದ ಸುತ್ತಿ ಬಳಸಿ ಹೋಗುತ್ತಿದ್ದೀಯ, ನಲವತ್ತು ನಿಮಿಷ ತಡ. ನೀನು ಮನೆಗೇ ಹೋಗಿ ಪಟ್ಟಿ ಕಟ್ಟುವ, ತಿರುವಿನ ಆಚೆಯ ಆ ಟೈಲರಮ್ಮ, ಕಾಲಿನ ಹುಣ್ಣು ಮಾಯದೆ ಹಾಸಿಗೆ ಹಿಡಿದಿರುವ ಆಕೆ, ಒದ್ದೆ ಪಟ್ಟಿಯಲ್ಲೇ ಕಾಯುತ್ತಾ ಮಲಗಿರುತ್ತಾಳೆ. 'ಸೈಕಲ್ಲಲ್ಲಿ ಓಡಾಡೋಕೆ ಆಗಲ್ಲ ಅಂದ್ರೆ ತಿಂಗಳ ಕೊನೆಯೊಳಗೆ ಹೇಳಿಬಿಡಮ್ಮ, ಬೇರೆ ಯಾರನ್ನಾದ್ರೂ ನೋಡ್ಕೋತೀವಿ' ಎಂದು ನಿಮ್ಮ ಹೆಡ್ ಸಿಸ್ಟರ್ ಅಂದರಂತೆ. ನೀನು ರಾಜೀನಾಮೆ ಬರೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೀಯಂತೆ. ಇಲ್ಲಿಯವರೆಗೂ ತಡೆದುಕೊಂಡು ಓದಿದೆ. ಕೊನೆಯ ಸಾಲನ್ನು ತಡೆಯಲಾಗಲಿಲ್ಲ. 'ಅಜ್ಜಾ, ನಿಮ್ಮ ಧೈರ್ಯ ನನಗೆ ಬಂದಿಲ್ಲ, ಏನ್ ಮಾಡ್ಲಿ.' ಗುಬ್ಬಿ, ಆ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಅಜ್ಜಿಗೆ ಸುಳ್ಳು ಹೇಳಿದೆ.

ಮಾರನೆಯ ದಿನ ಒಂದು ನಿರ್ಧಾರಕ್ಕೆ ಬಂದೆ. ಮೂವತ್ತೆರಡು ವರ್ಷ ಮನೆಮನೆಗೂ ಸೈಕಲ್ಲಿನಲ್ಲಿ ಹೋಗಿ ಕರೆಂಟಿನ ಮೀಟರ್ ಓದಿದವನು ನಾನು. ದಿನಕ್ಕೆ ನೂರಿಪ್ಪತ್ತು ಮನೆ, ಅದರಲ್ಲಿ ಕಡಿಮೆಯೆಂದರೂ ಹದಿನೈದು ಮನೆಯಲ್ಲಿ ನಾಯಿ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಮಾಡಿದವನು ಯಾವತ್ತೂ ಮೀಟರ್ ಓದಿರಲಾರ. ನನ್ನ ಸಾಹಸಗಳೆಲ್ಲ ನಿನಗೆ ಬಾಯಿಪಾಠ. ಕೆಂಪು ನಾಯಿಯ ಮೂಗಿಗೆ ಸರಿಯಾಗಿ ಒದ್ದದ್ದು, ಮೂರು ನಾಯಿಗಳ ನಡುವೆ ಕೈಬಿಟ್ಟು ಸೈಕಲ್ ಓಡಿಸಿದ್ದು, ಮೀನಖಂಡದ ಮೇಲಿನ ಈ ಗಾಯದ ಗುರುತು. ಕಥೆ ಮುಗಿಯುವ ಹೊತ್ತಿಗೆ ಹಾಸಿಗೆಯ ಮೇಲೆ ಎದ್ದು ನಿಂತು ನೀನೂ ಗಾಳಿಗೆ ಒದೆಯುತ್ತಿದ್ದೆ. ನಿನಗೆ ಏಳು ವರ್ಷವಾದಾಗ ಇದೇ ಹಿತ್ತಲಲ್ಲಿ ಸೈಕಲ್ ಕಲಿಸುತ್ತಾ, 'ಇಳಿದವನು ಸೋತ, ನೆನಪಿಟ್ಕೋ' ಎಂದು ಹೇಳಿದ್ದೂ ನಾನೇ. ಆದರೆ ಕಾಲ ಬದಲಾಗಿದೆ, ನಾಯಿಗಳೂ ಬದಲಾಗಿರಬಹುದು. ಹಾಗಾಗಿ ಮೊಮ್ಮಗಳಿಗೆ ಹಳೆಯ ವಿದ್ಯೆ ಸಾಲದು, ಈಗಿನ ನಾಯಿಗಳ ಮೇಲೆ ಪರೀಕ್ಷೆ ಮಾಡಿ, ಕೆಲಸಕ್ಕೆ ಬರುವುದನ್ನು ಮಾತ್ರ ಬರೆಯೋಣ ಎಂದುಕೊಂಡೆ.

ಅಟ್ಟದಿಂದ ಸೈಕಲ್ ಇಳಿಸಿದೆ. ಇಳಿಸಿದೆ ಎಂದರೆ ನಾನು ಹಗ್ಗ ಹಿಡಿದು ಅಪ್ಪಣೆ ಕೊಟ್ಟೆ, ಪಕ್ಕದ ಮನೆಯ ಬಡಗಿ ಇಳಿಸಿದ. ಟ್ಯೂಬು ಒಣಗಿ ಬಿರಿದಿತ್ತು, ಹೊಸದು ಹಾಕಿಸಿದೆ. ಸೈಕಲ್ ಶಾಪಿನವನು ಟೈರಿನ ಮೇಲೆ ಬೆರಳಾಡಿಸಿ, 'ಏನ್ ಅಜ್ಜ, ಅಷ್ಟು ವರ್ಷ ತುಳಿದಿದ್ದೀನಿ ಅಂತೀರ, ಗೆರೆ ಇನ್ನೂ ಹೊಸದರ ಥರ ಇದೆಯಲ್ಲ!' ಎಂದ. ವಸ್ತುಗಳನ್ನು ಜೋಪಾನ ಮಾಡುವುದೂ ಒಂದು ಕಲೆಯಪ್ಪ ಎಂದೆ. ಪಕ್ಕದಲ್ಲೇ ನಿಂತಿದ್ದ ಅಜ್ಜಿ ಯಾಕೋ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಮನೆಗೆ ಬಂದಮೇಲೆ, 'ರೀ, ಎಪ್ಪತ್ತೊಂದಾಯ್ತು. ಕಾಲು ಮುರ್ಕೊಂಡು ಬಂದ್ರೆ ನಾನು ಎತ್ತಲ್ಲ' ಎಂದಳು. ಎತ್ತುತ್ತಾಳೆ, ನನಗೆ ಗೊತ್ತು.

ನಮ್ಮ ಬೀದಿಯ ಕೊನೆಯಲ್ಲಿ ಮರ ಕೊಯ್ಯುವ ಸಾಮಿಲ್ಲು ನೆನಪಿದೆಯಲ್ಲ? ಅಲ್ಲೀಗ ಮಸಿ ಬಣ್ಣದ ದೊಡ್ಡ ನಾಯಿಯೊಂದಿದೆ. ಬರುವವರು ಹೋಗುವವರನ್ನೆಲ್ಲ ವಿಚಾರಿಸಿಕೊಳ್ಳುತ್ತದೆಂದು ಕೆಲಸಗಾರರು ಅದಕ್ಕೆ 'ಮ್ಯಾನೇಜರ್' ಎಂದು ಹೆಸರಿಟ್ಟಿದ್ದಾರೆ. ಮೊದಲ ದಿನ ಒಂದು ಬೆತ್ತ ಹಿಡಿದು ಹೊರಟೆ. ಮ್ಯಾನೇಜರ್ ಬಂದದ್ದೇ ತಡ, ಬೆತ್ತ ಬೀಸಿದೆ. ಅದು ನಾಯಿಗೆ ತಾಗಲಿಲ್ಲ, ನನ್ನ ಮುಂದಿನ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಬಿದ್ದದ್ದು ಹೊಟ್ಟಿನ ರಾಶಿಯ ಮೇಲೆ, ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಎದುರಿನ ಅಂಗಡಿಯ ಕ್ಷೌರಿಕ ಕತ್ತರಿ ಹಿಡಿದೇ ಓಡಿ ಬಂದ. ನನ್ನ ಸಾಹಸದ ಕಥೆಗಳನ್ನು ನಿನ್ನಷ್ಟೇ ಸಲ ಕೇಳಿದವನು ಅವನು, ನನ್ನನ್ನು ಕರೆಯುವುದೇ 'ಹುಲಿ' ಎಂದು. ಎರಡನೆಯ ದಿನ ಬಿಸ್ಕತ್ತು ತೆಗೆದುಕೊಂಡು ಹೋದೆ. ಮ್ಯಾನೇಜರ್ ತಿಂದಿತು, ಬಾಲ ಆಡಿಸಿತು, ನಾನು ಗೆದ್ದೆ ಎಂದುಕೊಂಡೆ. ಮೂರನೆಯ ದಿನ ನೋಡಿದರೆ ಮ್ಯಾನೇಜರ್ ತನ್ನ ಬಂಧುಬಳಗವನ್ನೆಲ್ಲ ಕರೆದುಕೊಂಡು ಬಂದು ಕಾಯುತ್ತಿತ್ತು. ನಾಲ್ಕು ನಾಯಿಗಳು ಪ್ರೀತಿಯಿಂದ ಮೈಮೇಲೆ ಬಿದ್ದರೂ ಸೈಕಲ್ ಮೇಲಿರುವವನಿಗೆ ಆಗುವುದು ಒಂದೇ. ಬಿಸ್ಕತ್ತಿನ ವಿದ್ಯೆ ನಿನಗೆ ಬೇಡ. ನಾಲ್ಕನೆಯ ದಿನ ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಹತ್ತಿರ ಬಂದಾಗ ಒತ್ತಿ ಮುಖಕ್ಕೆ ಚಿಮ್ಮಿಸಿದೆ. ಮ್ಯಾನೇಜರ್ ಸೀನಿ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು. ಇದಕ್ಕೆ ಅರ್ಧ ಮಾರ್ಕು. ಒಂದು ಬಾಟಲಿ ಜೊತೆಗಿರಲಿ, ಆದರೆ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಮಾಡುವ ಕೆಲಸ ಅಲ್ಲ.

ಐದನೆಯ ದಿನ, ಅಂದರೆ ನಿನ್ನೆ, ನಿಜವಾದ ಉತ್ತರ ಸಿಕ್ಕಿತು, ಅದೂ ಆಕಸ್ಮಿಕವಾಗಿ. ಸಾಮಿಲ್ಲಿನ ಗೇಟಿನ ಹತ್ತಿರ ಬರುವಷ್ಟರಲ್ಲಿ ಸೈಕಲ್ಲಿನ ಚೈನು ಬಿತ್ತು. ಬೇರೆ ದಾರಿಯಿಲ್ಲದೆ ಇಳಿದೆ. ಮ್ಯಾನೇಜರ್ ಬಾಣದ ಹಾಗೆ ಬಂದದ್ದು ನಾಲ್ಕು ಮಾರು ದೂರದಲ್ಲಿ ಗಕ್ಕನೆ ನಿಂತುಬಿಟ್ಟಿತು. ಸೈಕಲ್ಲನ್ನು ನನಗೂ ಅದಕ್ಕೂ ನಡುವೆ ಇಟ್ಟುಕೊಂಡೆ. ಅದು ಈ ಕಡೆ ಬಂದರೆ ನಾನು ಸೈಕಲ್ ಈ ಕಡೆ ತಿರುಗಿಸಿದೆ, ಆ ಕಡೆ ಹೋದರೆ ಆ ಕಡೆ. ಸ್ವಲ್ಪ ಹೊತ್ತು ಬೊಗಳಿತು, ಆಮೇಲೆ ಅದಕ್ಕೇ ಬೇಜಾರಾಯಿತು. ಗೇಟಿನ ವಾಚ್‌ಮನ್ ಕೂತಲ್ಲಿಂದಲೇ ಹೇಳಿದ, 'ಓಡೋದನ್ನ ಅಟ್ಟಿಸ್ಕೊಂಡು ಹೋಗೋದು ಅದರ ಕೆಲಸ ಅಜ್ಜ. ನೀವು ನಿಂತುಬಿಟ್ರೆ ಅದಕ್ಕೆ ಕೆಲಸಾನೇ ಇಲ್ಲ.' ಎಂಥ ಮಾತು ನೋಡು.

ಆದ್ದರಿಂದ ಗುಬ್ಬಿ, ಗುಜರಿ ಅಂಗಡಿಯ ಗೋಡೆ ಕಾಣುತ್ತಿದ್ದ ಹಾಗೆಯೇ ತುಳಿಯುವುದು ನಿಲ್ಲಿಸು, ಇಳಿ. ನಾಯಿ ಬರುವ ಕಡೆಗೆ ಸೈಕಲ್ ಇರಲಿ, ಈ ಕಡೆ ನೀನು. ಒದೆಯಬೇಡ, ಓಡಬೇಡ, ಬೆನ್ನು ತೋರಿಸಬೇಡ, ಅದರ ಕಣ್ಣನ್ನೇ ದಿಟ್ಟಿಸಿ ನೋಡಲೂಬೇಡ. ಹಟಮಾರಿ ರೋಗಿಗೆ ಹೇಳುತ್ತೀಯಲ್ಲ, ಅದೇ ದನಿಯಲ್ಲಿ, ಕಿರುಚದೆ, 'ಹೋಗು, ಮನೆಗೆ ಹೋಗು' ಅನ್ನು. ಔಷಧಿಯ ಚೀಲವನ್ನು ಹ್ಯಾಂಡಲ್ಲಿಗೆ ಹಾಕದೆ ಹಿಂದಿನ ಕ್ಯಾರಿಯರ್‌ಗೆ ಬಿಗಿದು ಕಟ್ಟು. ಹಾಗೇ ನಿಧಾನವಾಗಿ ನಡೆದು ತಿರುವು ದಾಟಿ, ಅವು ಹಿಂದೆ ಉಳಿದಮೇಲೆ ಹತ್ತು. ಇನ್ನೊಂದು ಕೆಲಸವನ್ನೂ ಮಾಡು. ಗುಜರಿಯವನ ಅಂಗಡಿಗೆ ಮುಂದಿನ ಬಾಗಿಲಿನಿಂದ ಹೋಗಿ ಅವನನ್ನು ಮಾತಾಡಿಸು. ಟೈಲರಮ್ಮನ ಕಾಲಿನ ವಿಷಯ ಹೇಳಿ, ನೀನು ಬರುವ ಹೊತ್ತಿಗೆ ಅವನ್ನು ಕಟ್ಟಿಹಾಕಲು ಕೇಳು. ಮೊದಲ ಸಲ ಗೊಣಗುತ್ತಾನೆ, ಎರಡನೆಯ ಸಲ ಒಪ್ಪುತ್ತಾನೆ. ನಾಯಿಗಳ ಹೆಸರನ್ನೂ ಕೇಳಿಕೊ. ಹೆಸರು ಹಿಡಿದು ಕರೆದರೆ ಮನುಷ್ಯರೇ ತಣ್ಣಗಾಗುತ್ತಾರೆ, ನಾಯಿ ಆಗದೇ ಇರುತ್ತದಾ? ದಾರಿಗೆ ಬರೀ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ನಲವತ್ತರ ಮುಂದೆ ಹತ್ತು ಯಾವ ಲೆಕ್ಕ?

ಇಲ್ಲಿ ಬೇರೇನೂ ವಿಶೇಷವಿಲ್ಲ. ನೀನು ಬಿದ್ದದ್ದನ್ನು ನಿನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ, ಗಾಯ ಒಣಗಿದ ಮೇಲೆ ನೀನೇ ಹೇಳು. ಈ ಕಾಗದದ ಬೆನ್ನಿಗೇ ಅಜ್ಜಿ ಒಂದು ಪಾರ್ಸೆಲ್ ಕಳಿಸುತ್ತಿದ್ದಾಳೆ. ಒಳಗೇನಿದೆ ಎಂದು ಕೇಳಿದರೆ, 'ನಿಮಗಲ್ಲ' ಎಂದಳು. ಟೈಲರಮ್ಮನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು, ಹೆಡ್ ಸಿಸ್ಟರಿಗೂ ತಿಳಿಸು. ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಕೈ ತಾಗಿದ ಗಾಯಗಳೆಲ್ಲ ಬೇಗ ಮಾಯಲಿ, ನಿನ್ನದೂ ಮಾಯಲಿ.

ಇಂತಿ ನಿನ್ನ,
ಮೀಟರ್ ಅಜ್ಜ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಹತ್ತೂವರೆಗೆ ಟಪಾಲು ತೆಗೆಯುತ್ತಾರೆ, ಈಗ ಹತ್ತು ದಾಟಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಅಜ್ಜಿ ಕಾಗದವನ್ನು ಪೂರ್ತಿ ಓದಿಸಿಕೊಂಡು, 'ಚೆನ್ನಾಗಿದೆ. ನಿಜ ಎಲ್ಲಿದೆ?' ಎಂದು ಕೇಳಿದಳು. ಅದನ್ನು ಬರೆಯುವವರೆಗೂ ಸ್ಟ್ಯಾಂಪು ಕೊಡುವುದಿಲ್ಲವಂತೆ, ಮುಷ್ಟಿಯಲ್ಲಿ ಹಿಡಿದುಕೊಂಡು ಎದುರಿಗೇ ಕೂತಿದ್ದಾಳೆ. ಸರಿ, ಬರೆಯುತ್ತೇನೆ. ನಿನ್ನೆ ಚೈನು ಬೀಳಲಿಲ್ಲ. ನಾನೇ ಇಳಿದೆ. ಮೂವತ್ತೆರಡು ವರ್ಷವೂ ಇಳಿದಿದ್ದೇನೆ. ನಾಯಿ ಇರುವ ಒಂದೇ ಒಂದು ಗೇಟಿನ ಮುಂದೆಯೂ ನಾನು ಸೈಕಲ್ ಮೇಲೆ ಕೂತು ಹೋದವನಲ್ಲ ಗುಬ್ಬಿ. ಅಷ್ಟು ಹೆದರಿಕೆ. ತಿರುವಿನ ಮೊದಲೇ ಯಾರೂ ನೋಡದಂತೆ ಇಳಿದು ತಳ್ಳಿಕೊಂಡು ನಡೆಯುತ್ತಿದ್ದೆ, ದಾಟಿದ ಮೇಲೂ ಮುಂದಿನ ಬೀದಿಯ ನಾಯಿ ನೆನಪಾಗಿ ಬಹಳ ಸಲ ತಳ್ಳಿಕೊಂಡೇ ಹೋಗುತ್ತಿದ್ದೆ, ಮೈಭಾರ ಬೀಳದ ಟೈರು ಸವೆಯುವುದೆಲ್ಲಿ? ಕೆಂಪು ನಾಯಿಯ ಮೂಗಿಗೆ ಯಾರೂ ಒದೆಯಲಿಲ್ಲ. ಮೀನಖಂಡದ ಗಾಯ ಪೆಡಲು ಕಿತ್ತದ್ದು. ಮನೆಗೆ ಬಂದು ಬಡಾಯಿ ಕೊಚ್ಚುತ್ತಿದ್ದೆ, ನೀನು ಕಣ್ಣರಳಿಸಿ ಕೇಳುತ್ತಿದ್ದೆ, ನಿನ್ನ ಕಣ್ಣು ಅರಳಿದಷ್ಟೂ ನನ್ನ ಕಥೆ ಬೆಳೆಯಿತು. ನೀನು ಬಿದ್ದದ್ದು ನಾಯಿಯಿಂದಲ್ಲ ಮಗೂ, ನನ್ನ ಕಥೆಯಿಂದ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿರಲಿಲ್ಲ, ಈಗ ಬರೆದಿದ್ದೇನೆ. ಅಜ್ಜಿಗೆ ಮದುವೆಯಾದ ಮೊದಲ ವರ್ಷವೇ ಗೊತ್ತಾಗಿತ್ತಂತೆ. ಸೈಕಲ್ ತುಳಿಯುವವನ ಟೈರು ಹಾಗೇ ಇದ್ದು, ಆರು ತಿಂಗಳಿಗೊಮ್ಮೆ ಶೂಗಳ ಅಟ್ಟೆ ಮಾತ್ರ ಯಾಕೆ ಸವೆಯುತ್ತದೆ ಎಂದು ಚಮ್ಮಾರನೇ ಅವಳನ್ನು ಕೇಳಿದ್ದನಂತೆ. ಅಷ್ಟು ವರ್ಷ ಬಾಯಿ ಬಿಡದೆ ಅಟ್ಟೆ ಹಾಕಿಸಿಕೊಟ್ಟಳು.

ನನ್ನ ಧೈರ್ಯ ನಿನಗೆ ಬಂದಿಲ್ಲ ಎಂದು ಬರೆದೆಯಲ್ಲ, ನನ್ನಲ್ಲಿ ಇದ್ದದ್ದು ಇಷ್ಟೇ: ಹೆದರುತ್ತಲೇ ಹೋದೆ, ಒಂದು ಮನೆಯ ಮೀಟರೂ ಬಿಡಲಿಲ್ಲ. ಹೆದರುತ್ತಲೇ ಕಾಲುವೆ ಸುತ್ತಿ ಟೈಲರಮ್ಮನ ಮನೆಗೆ ದಿನವೂ ಹೋಗುತ್ತಿದ್ದೀಯಲ್ಲ, ಅದೆಲ್ಲ ಪೂರ್ತಿ ನಿನಗೆ ಬಂದಿದೆ. 'ಇಳಿದವನು ಸೋತ' ಎಂದು ಹೇಳಿದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ದಿಂಬಿನ ಕೆಳಗಿನ ಕಾಗದವನ್ನು ಹರಿದು ಹಾಕು. ಇದನ್ನು ಡಬ್ಬಿಗೆ ಹಾಕಿ ಬರುವಾಗ ಕ್ಷೌರಿಕನ ಎದುರಿಗೇ ಇಳಿದು ನಡೆಯುತ್ತೇನೆ, ಚೈನಿನ ನೆಪ ಹೇಳುವುದಿಲ್ಲ. ಊರಿಗೆಲ್ಲ ಹೇಳುತ್ತಾನೆ, ಹೇಳಲಿ. ಅಜ್ಜಿ ಈಗ ಸ್ಟ್ಯಾಂಪು ಕೊಟ್ಟಳು, ಪಾರ್ಸೆಲ್ಲಿನಲ್ಲಿ ಏನಿದೆ ಎಂದೂ ಹೇಳಿದಳು. ಶೂ. ನಿನ್ನ ಅಳತೆಯದೇ, ಅಂಗಡಿಯಲ್ಲಿ ಇದ್ದದ್ದರಲ್ಲೇ ದಪ್ಪ ಅಟ್ಟೆಯದು. ಸವೆದ ಕೂಡಲೇ ಬರೆ, ಇನ್ನೊಂದು ಜೊತೆ ಕಳಿಸುತ್ತೇವೆ.