ಉಡಿ ತುಂಬಿದ ಮಾತ್ರಕ್ಕೆ ಗುಣಮುಖರೇ?

ಮಾನ್ಯ ಆರೋಗ್ಯಾಧಿಕಾರಿಗಳೇ,

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಐದು ವರ್ಷ ಪೂರೈಸಿದ ಹೆಣ್ಣುಮಕ್ಕಳನ್ನು ವೇದಿಕೆಗೆ ಕರೆದು, ಉಡಿ ತುಂಬಿ, ಎಲ್ಲರನ್ನೂ ಒಂದೇ ಉಸಿರಿನಲ್ಲಿ 'ಗುಣಮುಖರು' ಎಂದು ಘೋಷಿಸುತ್ತೀರಿ. ಆ ಘೋಷಣೆಯನ್ನು ನಂಬಿದ ನನ್ನ ಅಕ್ಕ ಬಸವಣ್ಣೆವ್ವ ಇಂದು ಶಿಗ್ಲಿಯ ತನ್ನ ಮನೆಯಲ್ಲಿ ಮಗ್ಗುಲು ಬದಲಿಸಲಾರದೆ ಮಲಗಿದ್ದಾಳೆ. ಕ್ಯಾನ್ಸರ್ ಅವಳ ಬೆನ್ನೆಲುಬಿಗೆ ಹಬ್ಬಿದೆ.

ಎಂಟು ವರ್ಷಗಳ ಹಿಂದೆ ಅಕ್ಕನಿಗೂ ಲಕ್ಷ್ಮೇಶ್ವರದ ಮೋತಿಬಿ ಎಂಬುವರಿಗೂ ಒಂದೇ ವಾರದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಪಕ್ಕಪಕ್ಕದ ಮಂಚ. ಇಬ್ಬರ ಗಂಟೂ ಹೆಚ್ಚುಕಡಿಮೆ ಒಂದೇ ಗಾತ್ರದ್ದು. ಬಗೆ ಮಾತ್ರ ಬೇರೆ. ಅಕ್ಕನದು ದೇಹದ ಹಾರ್ಮೋನನ್ನು ಉಂಡು ಬೆಳೆಯುವಂಥದ್ದು. ಅದನ್ನು ತಡೆಯಲು ದಿನವೂ ನುಂಗುವ ಗುಳಿಗೆ ಇದೆ. ಮೋತಿಬಿಯವರದು 'ಟ್ರಿಪಲ್ ನೆಗೆಟಿವ್'. ಅದಕ್ಕೆ ಆ ಗುಳಿಗೆ ನಾಟುವುದಿಲ್ಲ. ಎರಡರಲ್ಲಿ ಅಕ್ಕನದೇ ಸಾಧು ಎಂದರು ವೈದ್ಯರು. ಮೋತಿಬಿಯವರದನ್ನು ಕುರಿತು ಹೆಚ್ಚು ಮಾತಾಡಲಿಲ್ಲ.

ನಾನು ಮುಂಡರಗಿ ಸೀಮೆಯ ಗಾಳಿಯಂತ್ರಗಳನ್ನು ದುರಸ್ತಿ ಮಾಡುವ ಎಂಜಿನಿಯರ್, ವೈದ್ಯನಲ್ಲ. ಓದಿ, ತಜ್ಞರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು. ಮೋತಿಬಿಯವರ ಬಗೆಯದು ಮರಳುವುದಿದ್ದರೆ ಬಹುಪಾಲು ಮೊದಲ ಕೆಲವು ವರ್ಷಗಳಲ್ಲೇ ಮರಳುತ್ತದೆ. ಐದು ದಾಟಿದರೆ ಅಪಾಯ ಬಹಳ ಇಳಿಯುತ್ತದೆ. ಅಕ್ಕನ ಬಗೆಯದಕ್ಕೆ ಆ ಅವಸರವಿಲ್ಲ. ಹತ್ತು, ಹದಿನೈದು, ಇಪ್ಪತ್ತು ವರ್ಷ ಕಳೆದರೂ ಅಪಾಯ ಸ್ವಲ್ಪಸ್ವಲ್ಪವಾಗಿ ಉಳಿದೇ ಇರುತ್ತದೆ. ಅದು ಮರಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮರಳುವುದೇ ಐದು ವರ್ಷದ ಆಚೆಗೆ. ಹಾಗಿದ್ದ ಮೇಲೆ ಇಬ್ಬರಿಗೂ ಒಂದೇ ಗೆರೆ ಎಳೆದವರು ಯಾರು, ಸ್ವಾಮಿ? ಐದು ವರ್ಷ ಕೆಡದೆ ತಿರುಗಿದ ಗೇರ್‌ಬಾಕ್ಸಿಗೆ ಹಾರ ಹಾಕಿ ತಪಾಸಣೆ ನಿಲ್ಲಿಸಿದರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ನಿಮ್ಮಲ್ಲಿ ಅದಕ್ಕೆ ಚಪ್ಪಾಳೆ ಬೀಳುತ್ತದೆ.

ಮೂರು ವರ್ಷದ ಹಿಂದೆ ಅವರಿಬ್ಬರಿಗೂ ಉಡಿ ತುಂಬಿದ ದಿನ ಗದಗಿನ ಸಭಾಂಗಣದಲ್ಲಿ ನಾನೂ ಇದ್ದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಮೇಲೊಂದು ಕುಪ್ಪಸದ ಖಣ. ಸ್ತನ ಕಳೆದುಕೊಂಡವರಿಗೆ ಕುಪ್ಪಸದ ಖಣ! ಆರಿಸಿದವರ ಸೂಕ್ಷ್ಮತೆಗೆ ನಮಸ್ಕಾರ. ಮೋತಿಬಿಯವರ ಮುಂದೆ ಬಂದಾಗ, ಮುಸ್ಲಿಂ ಹೆಣ್ಣುಮಗಳಿಗೆ ತುಂಬಬಹುದೋ ಇಲ್ಲವೋ ಎಂದು ಉಡಿ ತುಂಬುವಾಕೆಯ ಕೈ ತಡೆಯಿತು. "ಹಾಕ್ರಿ ಅಕ್ಕಾರ, ಯಾಕ ನಿಂತ್ರಿ? ನನಗೊಬ್ಬಾಕಿಗೆ ಬಿಟ್ರ ಜಡ್ಡು ಸಿಟ್ಟಾಗಿ ಹೊಳ್ಳಿ ಬಂದೀತು!" ಎಂದು ಅವರು ಸೆರಗು ಒಡ್ಡಿದರು. ಅಕ್ಕ ನಕ್ಕಳು. ನೀವೂ ನಕ್ಕಿರಿ. ಬಳಿಕ ಮೈಕಿನಲ್ಲಿ, "ಇನ್ನ ನೀವ್ಯಾರೂ ದವಾಖಾನಿ ಮಾರಿ ನೋಡೂದ ಬ್ಯಾಡ" ಎಂದಿರಿ.

ನಮ್ಮ ಭಾಗದಲ್ಲಿ ಉಡಿ ತುಂಬುವುದೆಂದರೆ ಹರಸಿ ಬೀಳ್ಕೊಡುವುದು. ಅಕ್ಕ ಆ ಅಕ್ಕಿಯಿಂದ ಸಿಹಿ ಮಾಡಿ ಮನೆಮಂದಿಗೆಲ್ಲ ಬಡಿಸಿದಳು. ಐದು ವರ್ಷ ನುಂಗಿ ನಿಲ್ಲಿಸಿದ ಗುಳಿಗೆಯನ್ನು ಇನ್ನಷ್ಟು ವರ್ಷ ಮುಂದುವರಿಸಬೇಕೇ ಎಂದು ತಜ್ಞರನ್ನು ಕೇಳುವ ಪ್ರಶ್ನೆಯೇ ಏಳಲಿಲ್ಲ. ಕಳೆದ ವರ್ಷ ಬೆನ್ನುನೋವು ಶುರುವಾದಾಗ, "ಅಕ್ಕಾ, ಹುಬ್ಬಳ್ಳಿಗೆ ಹೋಗಿ ತೋರಿಸ್ಕೊಂಡ ಬರೂಣು ನಡಿ" ಎಂದೆ.

"ಬಿಡಲೇ ತಮ್ಮಾ, ಹತ್ತಿ ಬಿಡಿಸಿ ಟೊಂಕ ಹಿಡದೈತಿ. ಉಡಿ ತುಂಬಿಸ್ಕೊಂಡು ಬಂದಾಕಿ ಮತ್ತ ಅದ ಜಡ್ಡಿನ ಹೆಸರ ಹೇಳಿ ಹೋದ್ರ, ಉಡಿ ಚೆಲ್ಲಿದಂಗ ಆಗ್ತೈತಿ. ಸಾಹೇಬ್ರು ಹೇಳ್ಯಾರ. ಅವರಿಗಿಂತ ನೀ ಶ್ಯಾಣ್ಯಾ ಏನು?"

ನಿಮ್ಮ ಮಾತಿನ ತೂಕ ನನ್ನ ಮಾತಿಗೆ ಇರಲಿಲ್ಲ. ಅವಳು ಒಪ್ಪುವ ಹೊತ್ತಿಗೆ ಮಂಚ ಬಿಟ್ಟು ಏಳಲಾಗುತ್ತಿರಲಿಲ್ಲ.

ಬೇಗ ಹೋಗಿದ್ದರೆ ಅಕ್ಕ ಪೂರ್ತಿ ಗುಣವಾಗುತ್ತಿದ್ದಳೆಂದು ನಾನು ವಾದಿಸುವುದಿಲ್ಲ; ಅಳೆಯದ್ದನ್ನು ಹೇಳುವ ಅಭ್ಯಾಸ ನನಗಿಲ್ಲ. ಎಲುಬು ಕುಸಿಯುವ ಮೊದಲೇ ಚಿಕಿತ್ಸೆ ಸಿಕ್ಕಿದ್ದರೆ ಕೆಲವು ವರ್ಷವಾದರೂ ನಡೆದಾಡಿಕೊಂಡು ಇರುತ್ತಿದ್ದಳೇನೋ ಎಂದು ತಜ್ಞರು ಹೇಳಿದರು. ಅಷ್ಟನ್ನು ನೀವು ಕಸಿದಿರಿ. ಮೋತಿಬಿಯವರು ಆರೋಗ್ಯವಾಗಿದ್ದಾರೆ. ಬಂದಾಗಲೆಲ್ಲ ಅಕ್ಕನ ಕಾಲು ಒತ್ತುತ್ತ, "ಮೊದಲ ಹೋಗಾಕಿ ನಾ ಇದ್ದೆ. ನೀ ಯಾಕ ಪಾಳಿ ಮುರದೀ?" ಎಂದು ಬೈಯುತ್ತಾರೆ. ಅಕ್ಕನಿಗೆ ನಗಲು ಹೋದರೂ ನೋವಾಗುತ್ತದೆ.

ಬರುವ ತಿಂಗಳು ಮುಂಡರಗಿಯಲ್ಲಿ ಮತ್ತೆ ಅದೇ ಕಾರ್ಯಕ್ರಮ. ಬೆಳ್ಳಟ್ಟಿಯ ಕರೆವ್ವನಿಗೂ ಕರೆ ಬಂದಿದೆ. ಅವಳದೂ ಅಕ್ಕನ ಬಗೆಯದೇ. ಹೊಸ ಸೀರೆ ತಂದಿಟ್ಟುಕೊಂಡಿದ್ದಾಳಂತೆ. ಉಡಿ ತುಂಬುವುದಿದ್ದರೆ ತುಂಬಿ. 'ಗುಣಮುಖ' ಎಂಬ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಿ. ಪ್ರತಿಯೊಬ್ಬಳಿಗೂ ಅವಳ ಕಾಯಿಲೆಯ ಬಗೆ ಯಾವುದೆಂದು ಬಿಡಿಸಿ ಹೇಳಿಸಿ. ಗುಳಿಗೆ ನಿಲ್ಲಿಸುವ ತೀರ್ಮಾನ ತಜ್ಞರದಾಗಲಿ, ವಾರ್ಷಿಕ ತಪಾಸಣೆ ಐದಕ್ಕೆ ಮುಗಿಯದಿರಲಿ. ನಂತರ ಅದೇ ಮೈಕು ಹಿಡಿದು ಇಷ್ಟನ್ನು ಹೇಳಿ: "ಕರೆವ್ವಾ, ಇದು ಹೊಳ್ಳಿ ಬಂದರೂ ಬಂದೀತು. ಎಲುಬು ನೊಂದ್ರ, ಉಬ್ಬಸ ಹತ್ತಿದ್ರ, ಅವತ್ತ ಬಾ. ನಮ್ಮ ಬಾಗಿಲಾ ತೆರದಿರತೈತಿ."

ಚಪ್ಪಾಳೆ ಬೀಳಲಿಕ್ಕಿಲ್ಲ. ಆದರೂ ಹೇಳಿ.

ಇಂತಿ,
ಈ ಪತ್ರವನ್ನು ಅಕ್ಕನೆದುರು ಓದುವ ಧೈರ್ಯವಿಲ್ಲದ
ಅವಳ ತಮ್ಮ,
ಬೆಟಗೇರಿ