ಬಂದೂಕು ಹಿಡಿದ ಮೆಕ್ಯಾನಿಕ್

ಚಳ್ಳಕೆರೆ
೧೨ ಫೆಬ್ರವರಿ ೨೦೦೬

ಪ್ರೀತಿಯ ರಶ್ಮಿತಾ,

ಹೆಂಗಿದೀಯಾ? ನಿಮ್ಮವ್ವ ಲಕ್ಷ್ಮಕ್ಕನ ಮಂಡಿನೋವು ಹೆಂಗೈತೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೀಲಿಲ್ಲ, ಬೈಕೋಬೇಡ. ಬರೆಯೋಕೆ ಕೂತ್ರೆ ಎರಡು ಸಾಲಿಗೇ ಹರಿದು ಹಾಕ್ತಿದ್ದೆ.

ಹೈದರಾಬಾದಿನ ಕೆಲಸ ಬಿಟ್ಟು ಬಂದು ಆರು ತಿಂಗಳಾಯ್ತು. "ಅಷ್ಟು ದೊಡ್ಡ ಕೆಲಸ ಯಾಕೆ ಬಿಟ್ಟೆ?" ಅಂತ ಅಮ್ಮಿ ದಿನಾ ಕೇಳ್ತಾರೆ. ನಿನಗೊಬ್ಬಳಿಗೆ ಹೇಳ್ತೀನಿ.

ನಿಮ್ಮ ಮಗ್ಗದ ಮನೇಲಿ ಚೌಕಳಿ ಹಾಳೆ ಮೇಲೆ ಸೀರೆ ಅಂಚಿಗೆ ನವಿಲು ತುಂಬ್ತಿದ್ವಲ್ಲ, ಕಂಪ್ಯೂಟರಿನಲ್ಲೂ ನಾನು ಮಾಡಿದ್ದು ಅದನ್ನೇ. ಚೌಕ ಚೌಕಕ್ಕೆ ಬಣ್ಣ ತುಂಬಿ ಬೊಂಬೆ ಓಡಿಸೋದು. ಹಂಗೇ ವರ್ಷಗಟ್ಟಲೆ ದುಡಿದು ಆ ವಿಡಿಯೋ ಗೇಮ್ ಕಂಪನಿಯ ಕ್ರಿಯೇಟಿವ್ ಹೆಡ್ ಆದೆ. ಯಾವ ಆಟ ಹೆಂಗಿರಬೇಕು ಅನ್ನೋದು ನನ್ನ ಮಾತು. ಅದೂ ಬರೀ ಹೆಸರಿಗೆ ಅಂತ ಆಮೇಲೆ ಗೊತ್ತಾಯ್ತು.

ಕೊನೆಗೆ ನನ್ನದೇ ಒಂದು ಆಟ ಕಟ್ಟಿದೆ. ಟೋಪಿ, ನರೆತ ಗಡ್ಡದ ಮೆಕ್ಯಾನಿಕ್ ಒಬ್ಬ ಲೂನಾ ಮೇಲೆ ಊರೂರು ತಿರುಗಿ ಕೆಟ್ಟ ಪಂಪ್‌ಸೆಟ್ ರಿಪೇರಿ ಮಾಡ್ತಾನೆ. ನೀರು ಹರಿದ್ರೆ ಗೆದ್ದಂಗೆ. ಹೌದು ಕಣೇ, ನಮ್ಮ ಅಬ್ಬಾನೇ. ದೇವಸಮುದ್ರದ ಹೊಲಗಳಲ್ಲಿ ಬಗ್ಗಿ ಕೂತು ಮೋಟಾರಿಗೆ ಕಿವಿಗೊಡ್ತಾರಲ್ಲ, ಆ ಮುಖ ಬರೆಯೋಕೆ ಎಷ್ಟು ಒದ್ದಾಡಿದೀನೋ!

ಮಾಲೀಕ ನೋಡಿ ನಕ್ಕ. "ಮುಖ ಚೆನ್ನಾಗಿದೆ. ಆದ್ರೆ ಪಂಪ್‌ಸೆಟ್ ಯಾರಿಗೆ ಬೇಕು? ಕೈಗೆ ಬಂದೂಕು ಕೊಡಿ. ಆಡೋರು ಗುಂಡಿಟ್ಟು ಕೊಲ್ಲೋಕೆ ಇಂಥದ್ದೇ ಟೆರರಿಸ್ಟ್ ಮುಖ ಬೇಕು ಅಂತ ಫಾರಿನ್ ಕಂಪನಿಯವರು ಕೇಳ್ತಿದಾರೆ."

"ಇದು ನಮ್ಮಪ್ಪನ ಮುಖ ಸಾರ್."

"ಪರ್ಸನಲ್ಲಾಗಿ ತಗೋಬೇಡಿ ಬುಶ್ರಾ" ಅಂತ ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದ.

ನಾನು ಕೆಲಸ ಕಲಿಸಿದವರೆಲ್ಲ ಸುತ್ತ ಕೂತಿದ್ರು. ಅವರಲ್ಲೊಬ್ಬ ಕೈಚಾಚಿ ಬಿಸ್ಕತ್ತು ತಗೊಂಡ. ಥೂ! ಅವತ್ತೇ ರಾಜೀನಾಮೆ ಬಿಸಾಕಿ ಎದ್ದು ಬಂದೆ. ಮುಖ ಮಾತ್ರ ತರೋಕಾಗ್ಲಿಲ್ಲ. ಅಲ್ಲಿ ಕೂತು ಬರೆದಿದ್ದೆಲ್ಲ ಕಂಪನಿದಂತೆ.

ಹೋದ ತಿಂಗಳು ಕಂಪನಿಯಿಂದ ಒಂದು ಮಿಠಾಯಿ ಡಬ್ಬಿ ಬಂತು. ಅದೇ ಮುಖಕ್ಕೆ ಬಂದೂಕು ಕೊಟ್ಟು ಮಾಡಿದ ಆಟಕ್ಕೆ ಬಹುಮಾನ ಬಂದೈತಂತೆ. 'ನೀವು ಬರೆದ ಮುಖಕ್ಕೇ ಬಂದ ಬಹುಮಾನ' ಅಂತ ಚೀಟಿ ಬೇರೆ! ಡಬ್ಬಿ ಸಮೇತ ತಿಪ್ಪೆಗೆ ಎಸೆದೆ. ಕೈಯೆಷ್ಟು ತೊಳೆದ್ರೂ ಹೇಸಿಗೆ ಹೋಗ್ಲಿಲ್ಲ.

ಬರೋ ವಾರ ಮೊಳಕಾಲ್ಮೂರಿಗೆ ಬರ್ತೀನಿ. ಸೆರಗಿಗೆ ಹೊಸ ಚಿತ್ರ ಬೇಕು ಅಂದಿದ್ಯಲ್ಲ, ಬರೆದುಕೊಡ್ತೀನಿ. ಲಕ್ಷ್ಮಕ್ಕನಿಗೆ ನನ್ನ ಸಲಾಂ. ನಿನ್ನ ಮಗಳಿಗೊಂದು ಮುತ್ತು. ಅಲ್ಲಾ ಆ ಕೂಸನ್ನ ತಣ್ಣಗಿಟ್ಟಿರಲಿ.

ನಿನ್ನ,
ಬುಶ್ರಾ

ತಾ.ಕ.: ಇದನ್ನ ಬರೀಬಾರದು ಅಂತಿದ್ದೆ. ಬಸ್ ಸ್ಟ್ಯಾಂಡ್ ಹತ್ರದ ಸೈಬರ್ ಸೆಂಟರಿಗೂ ಆ ಆಟ ಬಂದೈತೆ. ಶುಕ್ರವಾರ ನಮಾಜ್ ಮುಗಿಸಿ ಬರೋವಾಗ ಯಾರೋ ಅಬ್ಬಾನ ಒಳಗೆ ಕರೆದು, "ಮುರ್ತುಜಾ ಸಾಬ್ರೆ, ಇದು ನೀವೇ ನೋಡ್ರಿ!" ಅಂತ ನಗ್ತಾ ತೋರ್ಸಿದಾರೆ. ಮನೆಗೆ ಬಂದವರು ಬೈಯಲಿಲ್ಲ, ಊಟಕ್ಕೂ ಕೂರಲಿಲ್ಲ. ಕನ್ನಡಿ ಮುಂದೆ ನಿಂತು ಗಡ್ಡ ಸವರಿಕೊಂಡು ಮೆಲ್ಲಗೆ ಕೇಳಿದ್ರು: "ಬೇಟಿ, ನನ್ನ ನೋಡಿದ್ರೆ ಜನ ಹೆದರ್ತಾರಾ?"